ಬಾಗಿಲು ಹಾಕಿ ಅರೆದ ಸೊಪ್ಪು

ಅದು ತೊಂಬತ್ತರ ದಶಕದ ಕೊನೆ. ಟೈಫಾಯ್ಡ್‌ಗೆ ದಾವಣಗೆರೆಯ ಡಾಕ್ಟರು ನನಗೆ ಕೊಟ್ಟ ಗುಳಿಗೆಗಳು ಜ್ವರ ಬಿಡಿಸಿದವು, ಹೊಟ್ಟೆ ಕೆಡಿಸಿದವು. ಗುಳಿಗೆ ಹೊಟ್ಟೆಯೊಳಗಿನ ಒಳ್ಳೇ ಕ್ರಿಮಿಗಳನ್ನೂ ಕೊಂದಿದೆ ಅಂತ ಅವರೇ ಹೇಳಿ, ಇನ್ನೊಂದು ಗುಳಿಗೆ ಬರೆದರು! ಹಿಡಿ ಮಂಡಕ್ಕಿ ತಿಂದರೂ ಹೊಟ್ಟೆ ಉಬ್ಬುತ್ತಿತ್ತು.

ಕೊನೆಗೆ ಅವ್ವ ನನ್ನನ್ನು ಹರಿಹರಕ್ಕೆ, ನಾಟಿ ಔಷಧಿ ಕೊಡುವ ಅಜ್ಜಿಯೊಬ್ಬಳ ಮನೆಗೆ ಕರೆದುಕೊಂಡು ಹೋದಳು. ಆಕೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಏನೋ ಸೊಪ್ಪು ಅರೆದು, ಮಜ್ಜಿಗೆಯಲ್ಲಿ ಕದಡಿ ತರುತ್ತಿದ್ದಳು.

"ಯಾವ ಸೊಪ್ಪು ಅಜ್ಜಿ?"

"ಹೆಸರು ಹೇಳಿದ್ರೆ ಔಷಧಿ ನಾಟಂಗಿಲ್ಲ. ಸುಮ್ನೆ ಕುಡಿ."

ಮೂರು ವಾರ ದಿನಾ ಬಸ್ಸು ಹತ್ತಿ ಹೋಗಿ ಕುಡಿದೆ. ಹೊಟ್ಟೆ ಹಗುರಾಯಿತು.

ಮರುವರ್ಷ ಮತ್ತೆ ಅದೇ ಕಾಟ. ಹರಿಹರಕ್ಕೆ ಓಡಿದರೆ ಅಜ್ಜಿ ತೀರಿಕೊಂಡು ತಿಂಗಳಾಗಿತ್ತು. ಸೊಪ್ಪಿನ ಹೆಸರನ್ನು ಸ್ವಂತ ಮಗಳಿಗೂ ಹೇಳಿರಲಿಲ್ಲವಂತೆ. ಆ ಮುದುಕಿಯ ಹಟಕ್ಕೆ ಸಿಟ್ಟು ನೆತ್ತಿಗೇರಿತು.

ಬಾಗಿಲಲ್ಲಿ ನಿಂತಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: "ಅವ್ವ ಹೋದ ಮ್ಯಾಲೆ ನನಗೂ ಹಿಂಗೇ ಆಗೈತ್ರಿ. ನೀವು ಕುಡಿದಿದ್ರಲ್ಲ, ಅದರ ವಾಸನೆ ಹೆಂಗಿತ್ತು, ಏನಾರ ನೆನಪೈತಾ?"

ಮೂರು ವಾರವೂ ನಾನು ಮೂಗು ಹಿಡಿದುಕೊಂಡೇ ಕುಡಿದಿದ್ದೆ.