ಲಲಿತಾ ಮೇಡಂಗೆ ಸಿಗದ ಪದಗಳು

ಸಂಡೂರು, ಕಂಪ್ಲಿ, ಕೊನೆಗೆ ನಮ್ಮ ಕಡ್ಡಿರಾಂಪುರ ಎಂದು ಮೂರು ಊರುಗಳ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿ, ಇಂಗ್ಲಿಷ್ ಪಿರಿಯಡ್ ಎಂದರೆ ಹೊಟ್ಟೆನೋವಿನ ನೆಪ ಹೇಳುತ್ತಿದ್ದ ಎಷ್ಟೋ ಮಕ್ಕಳಿಗೆ ಅದೇ ಭಾಷೆಯಲ್ಲಿ ಜಗಳವಾಡುವಷ್ಟು ಧೈರ್ಯ ತುಂಬಿದ ಶ್ರೀಮತಿ ಲಲಿತಾ ಅವರು ಈ ಜನವರಿಯಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಪಾಠದ ಬಗ್ಗೆ ಈ ಅಭಿನಂದನಾ ಗ್ರಂಥದಲ್ಲಿ ಬಲ್ಲವರು ಬರೆದಿದ್ದಾರೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಹಂಪಿ ರಸ್ತೆಯಲ್ಲಿ ಹೋಟೆಲ್ ನಡೆಸುವ ಹೊನ್ನೂರಮ್ಮ ಎಂಬ ನನಗೂ ಬರೆಯಲು ಸಮಿತಿಯವರು ಹೇಳಿದ್ದು ದೊಡ್ಡ ಗೌರವ. ಒಪ್ಪಿಕೊಂಡ ಮೇಲೆ ತೊಡಕು ಗೊತ್ತಾಯಿತು. ಮೇಡಂ ನಮಗೆ ಮಾಡಿದ ಉಪಕಾರವನ್ನು ಬರೆಯಬೇಕು. ಅದು ಉಪಕಾರ ಹೌದೋ ಅಲ್ಲವೋ ನನಗೆ ಈವರೆಗೂ ತಿಳಿದಿಲ್ಲ.

ಅವರು ಕಂಪ್ಲಿಯಿಂದ ವರ್ಗವಾಗಿ ಇಲ್ಲಿಗೆ ಬಂದಾಗ ನಮ್ಮ ಹೋಟೆಲಿಗೆ ಕಷ್ಟದ ಕಾಲ. ಹಂಪಿ ನೋಡಲು ಬಂದ ವಿದೇಶಿಯರು ಬಾಗಿಲವರೆಗೆ ಬಂದು, ಏನಿದೆ ಎಂದು ಕೇಳಿ, ನಾನು ಬಾಯಿ ಬಿಡದೆ ನಿಂತದ್ದನ್ನು ನೋಡಿ ಮುಂದಿನ ಹೋಟೆಲಿಗೆ ನಡೆದುಬಿಡುತ್ತಿದ್ದರು. ನನ್ನ ಯಜಮಾನರು ಭರಮಣ್ಣ ನನಗಿಂತ ಸಂಕೋಚದವರು. ವಿದೇಶಿಯರನ್ನು ಕಂಡರೆ ನೀರು ತರುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದರು. ದೀಪಾವಳಿ ಕಳೆದ ಮೇಲೆ ಹೋಟೆಲ್ ಮುಚ್ಚಿ, ಯಶವಂತನಗರದ ಗಣಿ ಕ್ಯಾಂಟೀನಿನಲ್ಲಿ ಇಬ್ಬರೂ ಅಡುಗೆ ಕೆಲಸಕ್ಕೆ ಸೇರುವುದೆಂದು ಮಾತಾಗಿತ್ತು.

ಮೇಡಂ ಹೊಸಪೇಟೆಯಿಂದ ಬೆಳಗಿನ ಬಸ್ಸಿಗೆ ಬಂದು, ಶಾಲೆಯ ಗಂಟೆ ಹೊಡೆಯುವವರೆಗೆ ನಮ್ಮ ಅಡುಗೆಮನೆ ಬಾಗಿಲಿನ ಎದುರಿನ ಟೇಬಲ್ಲಿನಲ್ಲಿ ಚಹಾ ಕುಡಿಯುತ್ತಾ, ಇಂಗ್ಲಿಷ್ ಪೇಪರಿನಲ್ಲಿ ಬರುವ ಪದಗಳ ಆಟ ಆಡುತ್ತಿದ್ದರು. ಏಳು ಅಕ್ಷರ ಕೊಟ್ಟಿರುತ್ತಾರೆ. ಅವುಗಳಿಂದ ಆದಷ್ಟು ಪದ ಮಾಡಬೇಕು. ಏಳೂ ಅಕ್ಷರ ಬರುವ ಪದ ಸಿಕ್ಕರೆ ಗೆದ್ದಂತೆ. ಸಂಡೂರಿನಲ್ಲಿ ಅವರ ಜೊತೆ ಕೆಲಸ ಮಾಡಿದ್ದ ವಿಜಯಕುಮಾರ್ ಮೇಷ್ಟ್ರು ಅಲ್ಲಿ ಕುಳಿತು ಅದೇ ಆಟ ಆಡುತ್ತಾರೆ. ಯಾರಿಗೆ ಮೊದಲು ಸಿಕ್ಕಿತೋ ಅವರು ಫೋನ್ ಮಾಡಿ ಇನ್ನೊಬ್ಬರನ್ನು ಅಣಕಿಸುವುದು ರೂಢಿ.

ಒಂದು ದಿನ ಅಪರೂಪಕ್ಕೆ ವಿದೇಶಿ ದಂಪತಿ ಮೂಲೆಯಲ್ಲಿ ಕುಳಿತು, ಕೈಸನ್ನೆಯಲ್ಲೇ ಚಹಾ ತರಿಸಿಕೊಂಡಿದ್ದರು. ಮೇಡಂ ಪೇಪರನ್ನು ನನ್ನ ಕೈಗಿಟ್ಟರು. ಎನ್, ಟಿ, ಐ, ಕೆ, ಎಚ್, ಇ, ಸಿ ಎಂಬ ಅಕ್ಷರಗಳಿದ್ದವು.

“ಹೊನ್ನೂರಮ್ಮ, ಏಳೂ ಬರೋ ಪದ ಸಿಗವಲ್ದು. ಅಲ್ಲಿ ಕುಂತಾರಲ್ಲ, ಅವರನ್ನ ಕೇಳ್ಕೊಂಡು ಬರ್ರಿ.”

“ಅಯ್ಯ, ಇಂಗ್ಲಿಷ್ ಟೀಚರ್ ನೀವದೀರಿ. ನೀವ ಕೇಳ್ರಿ ಮೇಡಂ!”

“ಟೀಚರಾಗಿ ಹೆಂಗ ಕೇಳ್ಲಿ? ಮರ್ಯಾದಿ ಹೋಗತೈತಿ. ನಿಮ್ದೇನ್ ಹೋಗತೈತಿ? ಜಲ್ದಿ ಹೋಗ್ರಿ, ಆ ವಿಜಯಕುಮಾರ್ ಫೋನ್ ಬರೋದ್ರೊಳಗ!”

ನಾನು ಹೋಗಿ ಪೇಪರ್ ಮುಂದೆ ಹಿಡಿದು “ಒನ್ ವರ್ಡ್, ಪ್ಲೀಸ್” ಎಂದೆ. ಆ ಹೆಂಗಸು ಪೇಪರ್ ನೋಡಿದಳು, ನನ್ನ ಹಿಂದೆ ನೋಡಿದಳು, ಜೋರಾಗಿ ನಕ್ಕು ಅಡುಗೆಮನೆಯ ಕಡೆ ಬೆರಳು ತೋರಿಸಿದಳು. ಹಾಲು ಉಕ್ಕಿತೆಂದು ಒಳಗೆ ಓಡಿದೆ. ಹಾಲು ಇನ್ನೂ ಬಿಸಿಯಾಗಿರಲಿಲ್ಲ. ಹೊರಗೆ ಬಂದರೆ ಮತ್ತೆ ಅಲ್ಲಿಗೇ ತೋರಿಸುತ್ತಾಳೆ. ಬೆಕ್ಕು ನುಗ್ಗಿತೇನೋ ಎಂದು ಮತ್ತೆ ಓಡಿದೆ. “ಕಿಚನ್! ಕಿಚನ್!” ಎಂದು ಅವಳ ಗಂಡ ಕೂಗಿದ ಮೇಲೆಯೇ, ಅವರು ತೋರಿಸುತ್ತಿದ್ದದ್ದು ಪದವನ್ನು ಎಂದು ತಿಳಿದದ್ದು. ಅವರು ನಕ್ಕರು, ನಾನೂ ನಕ್ಕೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಮತ್ತೆ ಚಹಾ ಆಯಿತು. ಮರುದಿನ ಸ್ನೇಹಿತರನ್ನೂ ಕರೆತಂದರು.

ಆಮೇಲೆ ದಿನಕ್ಕೊಂದು ಪದ ಮೇಡಂಗೆ ಸಿಗದೆ ಹೋಗತೊಡಗಿತು. ನಾನು ಪೇಪರ್ ಹಿಡಿದು ಟೇಬಲ್ಲಿಂದ ಟೇಬಲ್ಲಿಗೆ ಹೋಗುವುದು, ಬಂದವರು ತಲೆ ಕೆರೆದುಕೊಳ್ಳುವುದು, ಪದ ಸಿಗುವಷ್ಟರಲ್ಲಿ ಅವರಿಗೆ ಹಸಿವಾಗುವುದು. ದೀಪಾವಳಿ ಬಂತು, ಹೋಯಿತು. ಯಶವಂತನಗರದ ಮಾತನ್ನು ಭರಮಣ್ಣ ಮತ್ತೆ ಎತ್ತಲಿಲ್ಲ.

ಆದರೆ ಅಡುಗೆಮನೆಗೇ ಮುಖ ಮಾಡಿ ಕುಳಿತ ಇಂಗ್ಲಿಷ್ ಟೀಚರಿಗೆ ಕಿಚನ್ ಎಂಬ ಪದ ಹೊಳೆಯಲಿಲ್ಲವೇ? ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದಾಗ ಇನ್ನೊಂದನ್ನು ಗಮನಿಸಿದೆ: ಆಗ ಮೇಡಂ ಯಾರನ್ನೂ ಕೇಳದೆ, ಚಹಾ ಆರುವುದರೊಳಗೆ ಆಟ ಮುಗಿಸುತ್ತಿದ್ದರು. ಹಾಗಾದರೆ ಬೇಕೆಂದೇ ನನ್ನನ್ನು ಕಳಿಸುತ್ತಿದ್ದರು ಎಂದುಕೊಂಡೆ. ಆದರೆ ವಿಜಯಕುಮಾರ್ ಮೇಷ್ಟ್ರ ಫೋನ್ ಮೊದಲು ಬಂದ ದಿನ ಮೇಡಂ ಮುಖ ಊದಿಸಿಕೊಂಡು, ತಟ್ಟೆಯಲ್ಲಿದ್ದ ಬಿಸಿ ಮಿರ್ಚಿ ಮುಟ್ಟದೆ ಎದ್ದುಹೋಗುತ್ತಿದ್ದರು. ಹೋಟೆಲ್ ನಡೆಸುವವಳಾಗಿ ಹೇಳುತ್ತೇನೆ, ಬಿಸಿ ಮಿರ್ಚಿ ಬಿಟ್ಟೇಳುವಷ್ಟು ನಟನೆ ಯಾರಿಂದಲೂ ಆಗದು.

ಕಳೆದ ವಾರ ನೇರವಾಗಿ ಕೇಳಿಯೇಬಿಟ್ಟೆ.

“ಖರೇ ಹೇಳ್ರಿ ಮೇಡಂ, ಕಿಚನ್ ಅನ್ನೋದು ನಿಮಗ ಹೊಳೀಲಿಲ್ಲೇನ್ರಿ?”

“ಇಲ್ರಿ.”

“ಮತ್ತ ಮಳಿಗಾಲದಾಗ ಅಷ್ಟು ಜಲ್ದಿ ಹೆಂಗ ಮುಗಿಸ್ತಿದ್ರಿ?”

“ಮಳಿಗಾಲದಾಗ ಪೇಪರ್‌ನವ್ರು ಸುಲಭದ್ದು ಕೊಡ್ತಾರ. ಚಾ ತರ್ರಿ ಮೊದ್ಲು.”

ಮುಖದಲ್ಲಿ ನಗುವಿನ ಗುರುತೇ ಇರಲಿಲ್ಲ. ನನ್ನ ಅನುಮಾನ ಇದ್ದಲ್ಲಿಯೇ ಉಳಿಯಿತು.

ನಿನ್ನೆ ಬೆಳಿಗ್ಗೆ ಅವರು ಮತ್ತೆ ಪೇಪರ್ ಮುಂದಿಟ್ಟರು. ಇಷ್ಟು ವರ್ಷದ ಅಭ್ಯಾಸಕ್ಕೆ ಪದ ನನಗೇ ಕಂಡಿತು. ಬಾಯಿಗೆ ಬಂದದ್ದನ್ನು ನುಂಗಿ, ಹಿತ್ತಲಿಗೆ ಹೊರಟಿದ್ದ ಭರಮಣ್ಣನವರನ್ನು ತಡೆದು, ಪೇಪರ್ ಕೊಟ್ಟು, ಆಗತಾನೇ ಬಂದ ವಿದೇಶಿಯರ ಟೇಬಲ್ಲಿಗೆ ಕಳಿಸಿದೆ. ಬೆವರುತ್ತಾ ಹೋದವರು ನಗುತ್ತಾ ಬಂದರು.

“ಏನ, ನಿನಗ ಮೊದ್ಲ ಗೊತ್ತಿತ್ತೇನ ಇದು?”

“ಗೊತ್ತಿದ್ರ ನಿಮ್ಮನ್ಯಾಕ ಕಳಸ್ತಿದ್ದೆ? ಅವರಿಗೆ ಚಾ ಒಯ್ರಿ ಮೊದ್ಲು.”

ಮೇಡಂ ಪೇಪರಿನಿಂದ ತಲೆ ಎತ್ತಲಿಲ್ಲ.

ಅವರು ಆಯುಷ್ಯ, ಆರೋಗ್ಯ ತುಂಬಿಕೊಂಡು ಬಾಳಲಿ. ಫೆಬ್ರವರಿಯಿಂದ ಶಾಲೆಗೆಂದು ಬಸ್ಸು ಹಿಡಿಯಬೇಕಾಗಿಲ್ಲ, ನಿಜ. ಆದರೆ ವಿಜಯಕುಮಾರ್ ಮೇಷ್ಟ್ರು ಇನ್ನೂ ಆಡುತ್ತಿದ್ದಾರೆ, ಅಡುಗೆಮನೆ ಎದುರಿನ ಟೇಬಲ್ ಅಲ್ಲೇ ಇದೆ, ಕೇಳಿಕೊಂಡು ಬರಲು ಈಗ ನಾವು ಇಬ್ಬರಿದ್ದೇವೆ.