ಶಿರಹಟ್ಟಿಯಲ್ಲಿ ಕೊಟ್ಟ ಹೆಸರು

ಶಿರಹಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಗದಗಿನ ಬಸ್ಸಿಗೆ ಕಾಯುತ್ತ ಕೂತಿದ್ದೆ. ಮರುದಿನ ಬೆಳಿಗ್ಗೆ ಗದಗಿನ ಆಸ್ಪತ್ರೆಯಲ್ಲಿ ಹೆಂಡತಿಗೆ ಆಪರೇಷನ್ನು. ಮನೆಯಲ್ಲಿ ಮರೆತಿದ್ದ ಎಕ್ಸ್‌ರೇ ಕವರು ಒಯ್ಯಲು ಊರಿಗೆ ಬಂದಿದ್ದೆ; ಅದೀಗ ತೊಡೆಯ ಮೇಲಿತ್ತು.

ಪಕ್ಕದಲ್ಲಿದ್ದ ನಡುವಯಸ್ಸಿನ ಹೆಂಗಸು ಅದನ್ನು ನೋಡಿ, "ಯಾರಿಗೆ ಆರಾಮಿಲ್ಲರಿ ಅಣ್ಣಾರ?" ಎಂದಳು. ಆಕೆಯ ಮಡಿಲಲ್ಲಿ ಬೈಬಲ್ಲೂ ಒಂದು ನೋಟ್‌ಬುಕ್ಕೂ ಇದ್ದವು.

"ಮನ್ಯಾಗಿನವರಿಗೆ."

ಆಕೆ ಏಸುವಿನ ಮಾತೇ ಎತ್ತಲಿಲ್ಲ. "ಹೆಸರು ಹೇಳ್ರಿ, ಸಂಜಿಮುಂದ ಎಲ್ಲಾರೂ ಕೂಡಿ ಪ್ರಾರ್ಥನಾ ಮಾಡ್ತೀವಿ" ಎಂದು ಪೆನ್ನು ತೆಗೆದಳು.

ನಾನು ಹಳೇ ವಿಮೆ ಏಜೆಂಟ. ಮೊದಲು ಮನೆಯವರ ಹೆಸರು ಬರೆದುಕೊಳ್ಳಬೇಕು, ಪಾಲಿಸಿಯ ಮಾತು ಆಮೇಲೆ. ಈ ಪಟ್ಟು ನನಗೆ ಹೊಸದಲ್ಲ. ಸಿಕ್ಕಿಬೀಳಬಾರದೆಂದು "ಶಾಂತವ್ವ" ಎಂದು ಬಾಯಿಗೆ ಬಂದ ಹೆಸರು ಹೇಳಿದೆ. ಬರೆದುಕೊಂಡಳು.

ಆಮೇಲೆ ಕಸಿವಿಸಿ ಶುರುವಾಯಿತು. ಗುಡಿಯಲ್ಲಿ ಅಭಿಷೇಕದ ಹೊತ್ತು ಪೂಜಾರಿ ಹೆಸರು ತಪ್ಪಿದರೆ ತಡೆದು ತಿದ್ದಿಸುವವನು ನಾನು. ಅಷ್ಟು ಜನ ಬೇಡಿಕೊಂಡದ್ದೆಲ್ಲ ಇಲ್ಲದ ಶಾಂತವ್ವನಿಗೆ ಹೋದರೆ?

ಮುಂಡರಗಿ ಬಸ್ಸು ಬಂತು. ಆಕೆ ಹತ್ತಿ ಕಿಟಕಿಯ ಬಳಿ ಕೂತಳು. ನಾನು ಎದ್ದು ಹೋಗಿ ಕಿಟಕಿಯ ಸರಳು ಹಿಡಿದುಕೊಂಡೆ.

"ಅಕ್ಕಾರ, ಹೆಸರು ತಪ್ಪು ಹೇಳಿದ್ನಿರಿ. ಗಿರಿಜವ್ವ ಅಂತ ಬರ್ಕೋರಿ."

ಆಕೆಗೆ ಅಚ್ಚರಿಯಾಗಲಿಲ್ಲ. "ಆತ್ರಿ" ಎಂದು ನೋಟ್‌ಬುಕ್ಕು ತೆರೆದಳು. ಪುಟದ ತುಂಬ ಹೆಸರುಗಳು. ಪ್ರತಿ ಹೆಸರಿನ ಕೆಳಗೂ ಒಂದು ಸಾಲು ಬಿಟ್ಟಿದ್ದಳು. ಎಷ್ಟೋ ಕಡೆ ಮೇಲಿನ ಹೆಸರನ್ನು ಗೆರೆ ಎಳೆದು ಹೊಡೆದುಹಾಕಿ, ಆ ಸಾಲಿನಲ್ಲಿ ಇನ್ನೊಂದು ಹೆಸರು ಬರೆದಿತ್ತು. ಗಿರಿಜವ್ವನ ಜಾಗವೂ ಆಗಲೇ ಸಿದ್ಧವಾಗಿತ್ತು.