ಮೊಲಕ್ಕೆ ಕೊಡದ ನೀರು

ನನ್ನ ಮೊಮ್ಮಕ್ಕಳೇ, ನೀವು ಆರು ದಿನ ಸಾಕಿದ ಬಿಳಿ ಮೊಲ ಹೇಗೆ ಸತ್ತಿತೆಂದು ಬಾಯಿಬಿಟ್ಟು ಹೇಳಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೇಸಿಗೆ ರಜೆಗೆ ಬಂದ ನೀವು ಹಟ ಹಿಡಿದಿರೆಂದು ಶಹಾಬಾದಿನ ಬಜಾರದ ಅಂಗಡಿಯಿಂದ ನಾನೇ ಅದನ್ನು ತಂದೆ. ಅಲ್ಲಿ ಒಂದು ಪಂಜರದಲ್ಲಿ ಆರೇಳು ಮೊಲ ಒತ್ತಿಕೊಂಡು ಕೂತಿದ್ದವು. ನೀರಿನ ಬಟ್ಟಲು ಎಲ್ಲೂ ಇರಲಿಲ್ಲ. ಮೆಲ್ಲಗೆ ಕೇಳಿದೆ.

"ಮೊಲಕ್ಕ ನೀರು ಕುಡಿಸಬಾರದ್ರಿ ಅಮ್ಮಾ, ಹೊಟ್ಟಿ ಉಬ್ಬಿ ಸಾಯ್ತದ. ಕೊತಂಬ್ರಿ ಹಾಕ್ರಿ, ಅದರಾಗೇ ನೀರಿರ್ತದ" ಎಂದ ಅಂಗಡಿಯವ. ನಾನು ಮತ್ತೆ ಪಂಜರದೊಳಗೆ ಬಗ್ಗಿ ನೋಡಿದ್ದಕ್ಕೆ ನಕ್ಕ. "ನೀವು ಎಮ್ಮಿ ಸಾಕಿದವ್ರು ಕಾಣ್ತೀರಿ. ಇದು ಎಮ್ಮಿ ಅಲ್ರಿ."

ಸೇಡಂ ಕಡೆಯ ನಮ್ಮ ಹಳ್ಳಿಯಲ್ಲಿ ಹೊಲದಿಂದ ಬಂದರೆ ದನಕ್ಕೆ ನೀರು ತೋರಿಸದೆ ನಾವು ತಂಬಿಗೆ ಮುಟ್ಟುತ್ತಿರಲಿಲ್ಲ. ಅಷ್ಟು ತಿಳಿದವಳು ಅವನನ್ನು ನಂಬಿದೆ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟ ನನಗೆ ಪೇಟೆಯ ಪ್ರಾಣಿಯ ಸಂಗತಿ ಏನು ಗೊತ್ತು ಎಂದುಕೊಂಡೆ.

ಐದನೇ ದಿನ, ನಾನು ಒರೆಸಿದ ಫರಸಿ ನೆಲದ ಹಸಿಯನ್ನು ಮೊಲ ನೆಕ್ಕತೊಡಗಿತು. ನಿಮ್ಮಲ್ಲಿ ಚಿಕ್ಕವಳು ಡಬ್ಬಿಯ ಮುಚ್ಚಳದಲ್ಲಿ ನೀರು ತಂದಳು.

"ನೆಲ ನೆಕ್ಕಲಿಕತ್ತದ ಆಯಿ, ಅದಕ್ಕ ನೀರಡಿಕಿ ಆಗ್ಯದ."

ನಾನು ಮುಚ್ಚಳ ಕಸಿದು ನೀರು ಚೆಲ್ಲಿದೆ. ಮರುದಿನ ಅದು ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ತಾನು ಎತ್ತಿ ಎತ್ತಿ ಆಡಿಸಿದ್ದಕ್ಕೇ ಸತ್ತಿತೆಂದು ಅವಳು ಅತ್ತಳು. ಯಾಕೋ, ನಾನೂ ಅಲ್ಲವೆನ್ನಲಿಲ್ಲ.

ನೀವು ಹೋದ ಮೇಲೆ ಪಶು ಆಸ್ಪತ್ರೆಯಲ್ಲಿ ಕೇಳಿದೆ. ಮೊಲಕ್ಕೆ ನೀರು ಬೇಕೇ ಬೇಕು, ಮಾರುವ ಅಂಗಡಿಯ ಪಂಜರದಲ್ಲೂ ಸದಾ ನೀರಿರಬೇಕೆಂದು ನಿಯಮವಿದೆ ಎಂದರು ಡಾಕ್ಟರು. ಅಂಗಡಿಯವನಿಗೆ ಹೇಳಿದರೆ, ಅವನಿಗೆ ಮೊದಲೇ ಗೊತ್ತಿತ್ತು.

"ನೀರಿಟ್ರ ಗಲೀಜ ಮಾಡ್ತಾವ್ರಿ. ನಾತ ಹೊಡದ್ರ ಗಿರಾಕಿ ಯಾರ್ ಬರ್ತಾರ?"

ಡಾಕ್ಟರು ಹೇಳಿದಂತೆ ಅಂಗಡಿಯ ಮೇಲೆ ದೂರಿನ ಅರ್ಜಿ ಬರೆದು ಆಸ್ಪತ್ರೆಯಲ್ಲಿ ಕೊಟ್ಟೆ. ಯಾರೋ ಬಂದು ನೋಡಿ ಹೋದರಂತೆ. ಆಮೇಲೆ ಪ್ರತಿ ಪಂಜರದಲ್ಲೂ ಒಂದು ಸ್ಟೀಲ್ ಬಟ್ಟಲು ಕಾಣಿಸಿತು. ವಾರ ಬಿಟ್ಟು ಹೋದಾಗ ಎಲ್ಲವೂ ಒಣಗಿದ್ದವು. ಒಂದರಲ್ಲಿ ಅವನ ಕೀಲಿಕೈ ಇತ್ತು. ಗಿರಾಕಿಗಳು ನಿಂತಿದ್ದರು, ನಾನು ಹಾಗೇ ತಿರುಗಿ ಬಂದೆ. ಈಗ ಆ ದಾರಿಯಲ್ಲೇ ಹೋಗುವುದಿಲ್ಲ. ಹೊಸ ಮೊಲಗಳು ಬರುತ್ತಲೇ ಇವೆಯಂತೆ.

ನಿಮ್ಮಲ್ಲಿ ದೊಡ್ಡವರು ಈ ಹಾಳೆಗಳನ್ನು ನಿಮ್ಮ ಶಾಲೆಯ ಪುಸ್ತಕಗಳ ನಡುವೆ ಜೋಪಾನವಾಗಿಡಿ. ಚಿಕ್ಕವಳು ಓದಲು ಕಲಿತ ಮೇಲೆ ಅವಳ ಕೈಗೆ ಕೊಡಿ. ಮೊಲವನ್ನು ಕೊಂದದ್ದು ಅವಳಲ್ಲ.